ದ್ವೀಪದಲ್ಲಿ ಅಕ್ಕ ತಿಂದದ್ದು

ಅಕ್ಕನ ಮಗ ಡೆಂಗಿ ಜ್ವರದಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತಮೂರು ವರ್ಷ. ಜಿಗಣಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದಕ್ಕೆ ಸೂಪರ್‌ವೈಸರ್ ಆಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಸೋಮವಾರ ಮೈ ಬಿಸಿ ಅಂದ. ಗುರುವಾರ ಆಸ್ಪತ್ರೆಗೆ ಸೇರಿಸಿದೆವು. ಶನಿವಾರ ಬೆಳಿಗ್ಗೆ ಮನೆಗೆ ತಂದೆವು. ಜೂನ್ ತಿಂಗಳ ಮೊದಲ ವಾರ. ಮಳೆ ಬಂದು ನಿಂತು ರಸ್ತೆಯ ಗುಂಡಿಗಳೆಲ್ಲ ತುಂಬಿದ್ದವು. ಆಂಬುಲೆನ್ಸ್ ನಮ್ಮ ಓಣಿಯ ತಿರುವಿನಲ್ಲಿ ಹೂತುಕೊಂಡಿತು. ಪಕ್ಕದ ಫ್ಯಾಕ್ಟರಿಯ ಶಿಫ್ಟ್ ಬಿಟ್ಟು ಬರುತ್ತಿದ್ದ ಹುಡುಗರು ತಳ್ಳಿ ದಾಟಿಸಿದರು. ಒಳಗೆ ಯಾರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಹೊಲದಲ್ಲಿರುತ್ತಿದ್ದ ಕಾಲದಲ್ಲಿ ನನಗೆ ಉಣ್ಣಿಸಿ, ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವಳೇ. ಆ ಹೊಲ ಆಮೇಲೆ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಅಕ್ಕ ಅದೇ ಊರಿನಲ್ಲಿ ಮದುವೆಯಾಗಿ ಅಲ್ಲೇ ಉಳಿದಳು. ನಾನು ಓದಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಹೊಸಬರಿಗೆ ತರಬೇತಿ ಕೊಡುವ ಕೆಲಸಕ್ಕೆ ಸೇರಿದೆ. ಮದುವೆಯಾಗಲಿಲ್ಲ. ವರ್ಷಕ್ಕೊಮ್ಮೆ ಎಲ್ಲಿಗಾದರೂ ತಿರುಗಾಟಕ್ಕೆ ಹೋಗುತ್ತಿದ್ದೆ. ಹೋದ ಕಡೆ ದೇವಸ್ಥಾನ, ಕೋಟೆ ನೋಡದಿದ್ದರೂ ಪರವಾಗಿಲ್ಲ, ಆ ಊರಿನವರು ತಮ್ಮ ಮನೆಯಲ್ಲಿ ತಮಗಾಗಿ ಮಾಡಿಕೊಳ್ಳುವ ಊಟ ಹುಡುಕಿ ತಿನ್ನಬೇಕು. ಅದು ನನ್ನ ಚಟ. ಫೋಟೊ ಹಾಕಿದ ಮೆನು ಕಂಡರೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದುಬಿಡುತ್ತಿದ್ದೆ.

ಮಗ ಹೋದಮೇಲೆ ಅಕ್ಕ ಊಟ ಬಿಟ್ಟಳು. ಹಟ ಹಿಡಿದು ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದಳು, ಅನ್ನ ಕಲಸುತ್ತಿದ್ದಳು, ಎರಡು ತುತ್ತಿಗೆ ಸಾಕು ಅಂತ ಎದ್ದು ಕೈ ತೊಳೆಯುತ್ತಿದ್ದಳು. ಹನ್ನೊಂದನೇ ದಿನದ ಕಾರ್ಯಕ್ಕೆ ಅಡುಗೆಯವರನ್ನು ಗೊತ್ತುಮಾಡಿದವಳು ನಾನು. ಈ ಸಂಕಟದಲ್ಲಿ ಅವಳಿಗೆ ಒಲೆ ಮುಂದಿನ ಕಷ್ಟ ಯಾಕೆ ಅಂತ ಅಂದುಕೊಂಡಿದ್ದೆ. ಶಾಮಿಯಾನ ಹಾಕಿ ನಾನ್ನೂರು ಜನಕ್ಕೆ ಬಡಿಸಿದರು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎಲೆ ಅವಳ ಮುಂದೆ ತಂದಿಟ್ಟರೂ ಮುಟ್ಟಲಿಲ್ಲ. ಹೆತ್ತವಳೇ ಉಣ್ಣದಿದ್ದರೆ ಹೋದವನಿಗೆ ಹೇಗೆ ಸೇರುತ್ತದೆ ಅಂತ ನೆಂಟರಲ್ಲಿ ಒಬ್ಬರು ಅವಳಿಗೆ ಕೇಳುವಂತೆಯೇ ಹೇಳಿದರು.

ಸೆಪ್ಟೆಂಬರ್ ಹೊತ್ತಿಗೆ ಅವಳ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಆಗಲೇ ನಾನು ಅವಳನ್ನು ಗ್ರೀಸಿಗೆ ಕರೆದುಕೊಂಡು ಹೋಗುತ್ತೇನೆ ಅಂದದ್ದು. ಅಲ್ಲಿನ ಒಂದು ದ್ವೀಪಕ್ಕೆ ಹೋಗಬೇಕೆಂದು ಎರಡು ವರ್ಷದಿಂದ ಆಸೆಪಟ್ಟವಳು ನಾನೇ. ಅಕ್ಕನಿಗೋಸ್ಕರ ಹೋದೆ ಅಂತ ಆಗ ಎಲ್ಲರಿಗೂ ಹೇಳಿದ್ದು ಪೂರ್ತಿ ನಿಜವಲ್ಲ. ರಜೆ ಮೊದಲೇ ಬರೆಸಿದ್ದೆ. ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅವಳನ್ನು ಈ ಸ್ಥಿತಿಯಲ್ಲಿ ಬಿಟ್ಟು ಒಬ್ಬಳೇ ಹೋಗುವ ಧೈರ್ಯವೂ ಇರಲಿಲ್ಲ. ವರ್ಷ ತುಂಬುವ ಮೊದಲೇ ಹೊಸಿಲು ದಾಟಿಸಿ ಪರದೇಶಕ್ಕೆ ಕರೆದೊಯ್ಯುತ್ತಾಳಂತೆ ಅಂತ ಮಾತಾಯಿತು. ಭಾವ ಮಾತ್ರ ಅಡ್ಡ ಬರಲಿಲ್ಲ.

"ಕರ್ಕೊಂಡೋಗಮ್ಮ," ಅಂದರು. "ಎಲ್ಲಾದ್ರೂ ಸರಿ, ಒಂದೊತ್ತು ಹೊಟ್ಟೆ ತುಂಬ ಉಂಡ್ರೆ ಸಾಕು."

ಅಕ್ಕನ ಪಾಸ್‌ಪೋರ್ಟ್ ಮಗನೇ ಮಾಡಿಸಿಟ್ಟಿದ್ದ. ಕೆಲಸ ಕಾಯಂ ಆದಮೇಲೆ ಅಪ್ಪ ಅಮ್ಮನನ್ನು ವಿಮಾನದಲ್ಲಿ ಎಲ್ಲಿಗಾದರೂ ಕರೆದೊಯ್ಯುತ್ತೇನೆ ಅನ್ನುತ್ತಿದ್ದನಂತೆ. ವೀಸಾ ಆಫೀಸಿನಲ್ಲಿ ಬೆರಳಚ್ಚು ಕೊಡುವಾಗ ಅಕ್ಕ ಯಾವ ದೇಶ, ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ. ಆ ದಿನಗಳಲ್ಲಿ ಯಾವ ಕಾಗದ ಮುಂದಿಟ್ಟರೂ ಅವಳು ಸಹಿ ಹಾಕುತ್ತಿದ್ದಳು.

ಅಕ್ಟೋಬರ್ ಕೊನೆಗೆ ಹೊರಟೆವು. ಅಥೆನ್ಸಿನಲ್ಲಿ ಇಳಿದು, ಬಂದರಿಗೆ ಹೋಗಿ, ಹಡಗಿನಲ್ಲಿ ಐದು ಗಂಟೆ. ಅಕ್ಕ ಕಿಟಕಿಯ ಪಕ್ಕ ಕೂತು ನೀರು ನೋಡುತ್ತಿದ್ದಳು. ಏನನ್ನಿಸುತ್ತದೆ ಅಂತ ಕೇಳಿದೆ. ಬಿಸಿಲು ಜಾಸ್ತಿ ಅಂದಳು.

ಪ್ರವಾಸಿಗರ ಕಾಲ ಮುಗಿಯುತ್ತ ಬಂದಿತ್ತು. ಬಂದರಿನ ಅಂಚಿಗೆ ಸಾಲಾಗಿ ಹೋಟೆಲುಗಳಿದ್ದವು, ಅರ್ಧಕ್ಕೆ ಬೀಗ. ತೆರೆದಿದ್ದವುಗಳ ಮುಂದೆ ನಿಂತವರು ನಮ್ಮನ್ನು ಕಂಡೊಡನೆ ನಮಸ್ತೆ ಅನ್ನುತ್ತ ಮೆನು ಹಿಡಿದು ಬರುತ್ತಿದ್ದರು. ಎಲ್ಲ ಮೆನುವಿನಲ್ಲೂ ಫೋಟೊ. ಎಲ್ಲ ಕಡೆಯೂ ಅದೇ ಟೊಮೆಟೊ ಸೌತೆಕಾಯಿ, ಮೇಲೊಂದು ಚೀಸಿನ ತುಂಡು, ಅದೇ ಕರಿದ ಆಲೂಗಡ್ಡೆ. ಮೊದಲ ಎರಡು ದಿನ ನಾನು ಗಲ್ಲಿ ಗಲ್ಲಿ ತಿರುಗಿದೆ. ಅಕ್ಕ ಒಂದು ಹೆಜ್ಜೆ ಹಿಂದೆ, ಸ್ವೆಟರಿನ ಮೇಲೆ ಸೆರಗು ಹೊದ್ದು ಬರುತ್ತಿದ್ದಳು. ಎಲ್ಲಿ ಕೂತರೂ ಬ್ರೆಡ್ಡಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ನನ್ನ ಊಟ ಮುಗಿಯುವುದನ್ನೇ ಕಾಯುತ್ತಿದ್ದಳು.

ಮೂರನೆಯ ದಿನ ಒಂದು ಹೋಟೆಲಿನ ಅಡುಗೆಯವನು ಅವಳ ಸೀರೆ ನೋಡಿ ಒಳಗಿನಿಂದ ಎದ್ದು ಬಂದ. ಪಂಜಾಬಿನ ಕಡೆಯವನಂತೆ. ಈ ದ್ವೀಪಕ್ಕೆ ಬಂದು ಬಹಳ ವರ್ಷವಾಯಿತು ಅಂದ. ಅಮ್ಮ ಏನೂ ತಿಂದಿಲ್ಲವಲ್ಲ ಅಂತ ಹಿಂದಿಯಲ್ಲಿ ಕೇಳಿ, ನಾನು ಬೇಡ ಅನ್ನುವಷ್ಟರಲ್ಲಿ ಒಳಗೆ ಹೋಗಿ ಒಂದು ಬಟ್ಟಲು ಬೇಳೆ, ಎರಡು ರೊಟ್ಟಿ ಮಾಡಿ ತಂದಿಟ್ಟ. ಅವನ ಮುಖ ನೋಡಿ ಅಕ್ಕ ಎರಡು ಚಮಚ ಕುಡಿದಳು. ನನಗೆ ಅಲ್ಲೇ ಸಿಟ್ಟು ಬಂತು. ಇಷ್ಟು ದೂರ ಬಂದು ಬೇಳೆ ತಿನ್ನಬೇಕಾ ಅಂತ ಒಂದು ಸಿಟ್ಟು, ಅದನ್ನೂ ಇವಳು ತಿನ್ನುತ್ತಿಲ್ಲವಲ್ಲ ಅಂತ ಇನ್ನೊಂದು.

"ಇಲ್ಲಿಗೆ ಬಂದ್ಮೇಲೂ ಹೀಗೇ ಮಾಡಿದ್ರೆ ನಾನೇನ್ ಮಾಡ್ಲಿ ಹೇಳು," ಅಂದೆ.

ಅಕ್ಕ ಚಮಚ ಕೆಳಗಿಟ್ಟಳು. "ನೀನು ಉಣ್ಣು," ಅಂದಳು. "ನನ್ನ ನೋಡ್ಬೇಡ."

ಆ ಅಡುಗೆಯವನು ಒಳ್ಳೆಯವನು. ಕೈ ಒರೆಸಿಕೊಂಡು ಬಂದು, ಇಲ್ಲಿ ಕೆಳಗೆ ನಾವು ಮಾಡುವುದೆಲ್ಲ ಹಡಗಿನಲ್ಲಿ ಡಬ್ಬಿಯಲ್ಲಿ ಬಂದದ್ದು, ಬಿಸಿ ಮಾಡಿ ಕೊಡುತ್ತೇವೆ, ಅಷ್ಟೇ ಅಂತ ಯಾವ ಸಂಕೋಚವೂ ಇಲ್ಲದೆ ಹೇಳಿದ. ಇವರು ಮನೆಯಲ್ಲಿ ತಿನ್ನುವುದು ಬೇಕಾದರೆ ಮೇಲಿನ ಊರಿಗೆ ಹೋಗಿ, ಭಾನುವಾರ. ಶನಿವಾರ ಸಂಜೆ ಮಣ್ಣಿನ ಮಡಕೆಯಲ್ಲಿ ಕಡಲೆಕಾಳು, ಈರುಳ್ಳಿ, ಎಣ್ಣೆ ಹಾಕಿ ಊರಿನ ಒಲೆಯೊಳಗಿಟ್ಟು ಬಾಗಿಲು ಮುಚ್ಚುತ್ತಾರೆ, ಬೆಳಗಿನ ಪೂಜೆ ಮುಗಿದ ಮೇಲೆ ತೆಗೆಯುತ್ತಾರೆ ಅಂದ. ಬಸ್ಸು ಎಷ್ಟು ಹೊತ್ತಿಗೆ ಅಂತಲೂ ಬರೆದುಕೊಟ್ಟ.

ಭಾನುವಾರ ಎಂಟಕ್ಕೇ ಬಸ್ಸು ಹತ್ತಿದೆವು. ಒಂದೂ ಮರವಿಲ್ಲದ ಬೆಟ್ಟ. ಸುತ್ತಿ ಸುತ್ತಿ ಮೇಲೆ ಹೋದರೆ ನೆತ್ತಿಯಲ್ಲಿ ಸುಣ್ಣ ಹೊಡೆದ ಮನೆಗಳು, ಮಧ್ಯೆ ಒಂದು ಚರ್ಚು. ಆ ಕಡಲೆ ಬಡಿಸುವ ಊಟದ ಅಂಗಡಿ ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ಮುದುಕ ಬೆರಳು ತೋರಿಸಿ ಹನ್ನೆರಡಕ್ಕೆ ಬನ್ನಿ ಅಂದ. ಹೊತ್ತು ಕಳೆಯಲು ಚರ್ಚಿನ ಎದುರಿನ ಕಲ್ಲುಕಟ್ಟೆಯ ಮೇಲೆ ಕೂತೆವು. ಗಾಳಿ ತಣ್ಣಗಿತ್ತು. ಒಳಗಿನಿಂದ ಗಂಡಸರ ದನಿಯಲ್ಲಿ ಪ್ರಾರ್ಥನೆ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಜನ ಹೊರಗೆ ಬಂದರು. ಬಹಳ ಮಂದಿ ಕಪ್ಪು ಬಟ್ಟೆಯಲ್ಲಿದ್ದರು. ಭಾನುವಾರಕ್ಕೆ ಇಲ್ಲಿನವರು ಹೀಗೇ ಉಡುತ್ತಾರೇನೋ ಅಂದುಕೊಂಡೆ. ಅಕ್ಕನ ವಯಸ್ಸಿನ ಒಬ್ಬ ಹೆಂಗಸು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಂದವರಿಗೆಲ್ಲ ಒಂದೊಂದು ಬಿಳಿ ಕಾಗದದ ಪೊಟ್ಟಣ ಕೊಡುತ್ತಿದ್ದಳು. ನಮ್ಮನ್ನು ನೋಡಿ ಅಂಗಳ ದಾಟಿ ಬಂದಳು. ಮೊದಲು ಅಕ್ಕನ ಕೈಗೆ ಪೊಟ್ಟಣವಿಟ್ಟು, ಆ ಕೈಯನ್ನು ತನ್ನ ಕೈಯಿಂದ ಮುಚ್ಚಿ, ಅವರ ಭಾಷೆಯಲ್ಲಿ ಏನೋ ಹೇಳಿದಳು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನನಗೊಂದು ಕೊಟ್ಟು ಹೋದಳು.

ಬಿಚ್ಚಿದರೆ ಬೇಯಿಸಿದ ಗೋಧಿ. ಸಕ್ಕರೆ ಪುಡಿ, ಎಳ್ಳು, ಒಣದ್ರಾಕ್ಷಿ, ಬಾದಾಮಿ, ಮೇಲೆ ನಾಲ್ಕು ದಾಳಿಂಬೆ ಕಾಳು. ಚಕ್ಕೆಯ ವಾಸನೆ ಬರುತ್ತಿತ್ತು. ಯಾವ ಮೆನುವಿನಲ್ಲೂ ಇಲ್ಲದ್ದು, ಕೇಳದೆ ಸಿಕ್ಕಿತು ಅಂತ ನನಗೆ ಹಿಗ್ಗು. ಅಂಗೈ ಮೇಲಿಟ್ಟು, ಹಿಂದೆ ಬಿಳಿ ಗೋಡೆ ಬರುವ ಹಾಗೆ ಮೂರ್ನಾಲ್ಕು ಫೋಟೊ ತೆಗೆದೆ. ತಿರುಗಿ ನೋಡಿದರೆ ಅಕ್ಕ ತಿನ್ನುತ್ತಿದ್ದಳು. ಒಂದೊಂದೇ ಚಿಟಿಕೆ ಎತ್ತಿ, ನಿಧಾನವಾಗಿ ಅಗಿದು, ಇನ್ನೊಂದು ಚಿಟಿಕೆ ಎತ್ತುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಕೂತೆ. ಮಾತಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ.

"ಗೋಧಿ ಹದವಾಗಿ ಬೇಯಿಸವ್ರೆ," ಅಂದಳು. ಐದು ತಿಂಗಳಲ್ಲಿ ಊಟದ ಬಗ್ಗೆ ಅವಳಾಡಿದ ಮೊದಲ ಮಾತು ಅದು.

ಇದಕ್ಕೆ ಏನು ಹೆಸರು, ಹೇಗೆ ಮಾಡುತ್ತಾರೆ ಅಂತ ಕೇಳಿಕೊಂಡು ಬರಲು ನಾನು ಚರ್ಚಿನ ಬಾಗಿಲಿಗೆ ಹೋದೆ. ಒಳಗೆ ಒಂದು ಪುಟ್ಟ ಮೇಜು. ಅದರ ಮೇಲೆ ದೊಡ್ಡ ಹರಿವಾಣದಲ್ಲಿ ಅದೇ ಗೋಧಿ ಗುಡ್ಡೆ ಮಾಡಿ, ಮೇಲೆ ಸಕ್ಕರೆ ಪುಡಿ ಹರಡಿದ್ದರು. ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲಿ ಉರಿಯುವ ಮೇಣದ ಬತ್ತಿ, ಚೌಕಟ್ಟು ಹಾಕಿಸಿದ ಫೋಟೊ. ಫೋಟೊದಲ್ಲಿ ಒಬ್ಬ ಹುಡುಗ ದೋಣಿಯ ಅಂಚಿಗೆ ಕೂತು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ. ಇಪ್ಪತ್ತು, ಇಪ್ಪತ್ತೆರಡು ಇರಬೇಕು.

ಅಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಹೆಂಗಸಿಗೆ ಇಂಗ್ಲಿಷ್ ಬರುತ್ತಿತ್ತು. ಇವತ್ತಿಗೆ ನಲವತ್ತು ದಿನ ಅಂದಳು. ಬೈಕು ಬಿದ್ದು ಹೋದನಂತೆ. ಹೊರಗೆ ಪೊಟ್ಟಣ ಹಂಚುತ್ತಿರುವವಳು ತಾಯಿ. ಸತ್ತವರಿಗಾಗಿ ಇಲ್ಲಿ ಗೋಧಿ ಬೇಯಿಸುತ್ತಾರೆ, ತಿಂದವರು ದೇವರು ಅವನನ್ನು ಕ್ಷಮಿಸಲಿ ಅಂತ ಒಂದು ಮಾತು ಹೇಳಬೇಕು, ಅಷ್ಟೇ ಅಂದಳು. ನೀವೂ ಹೇಳಿ ಅಂದಳು. ನಾನು ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ.

ನಮ್ಮ ಕಡೆ ಸಾವಿನ ಮನೆಯ ಊಟಕ್ಕೆ ಎಷ್ಟು ಹೆದರುತ್ತಾರೆ ಅಂತ ನನಗೆ ಗೊತ್ತಿತ್ತು. ಅದರಲ್ಲೂ ಸ್ವಂತ ಮನೆಯಲ್ಲೇ ಸಾವಾಗಿ ವರ್ಷ ತುಂಬದವರು ಬೇರೆಯವರ ತಿಥಿಯ ತುತ್ತು ಮುಟ್ಟುವುದಿಲ್ಲ. ಮಗನ ಕಾರ್ಯದಲ್ಲಿ ಒಂದಗುಳು ಬಾಯಿಗಿಡದವಳು ಪರದೇಶದಲ್ಲಿ, ಗುರುತಿಲ್ಲದವರ ಮಗನ ತಿಥಿ ಉಣ್ಣುತ್ತಿದ್ದಳು. ನಾನು ಹೊರಗೆ ಬಂದಾಗ ಅವಳ ಪೊಟ್ಟಣ ಖಾಲಿಯಾಗಿತ್ತು. ಕಾಗದದ ಮೂಲೆಯಲ್ಲಿ ಅಂಟಿದ್ದ ಸಕ್ಕರೆಯನ್ನು ಬೆರಳಿಂದ ಒರೆಸಿಕೊಳ್ಳುತ್ತಿದ್ದಳು.

ಏನಂತೆ ಅಂತ ಕೇಳಿದಳು.

"ಏನೋ ಹಬ್ಬ ಅಂತೆ," ಅಂದೆ.

ನನ್ನ ಪೊಟ್ಟಣ ಕಡೆ ಕೈ ಚಾಚಿ, ನೀನು ತಿನ್ನದಿದ್ದರೆ ಕೊಡು ಅಂದಳು. ಕೊಟ್ಟೆ. ಅದನ್ನೂ ತಿಂದಳು. ಆಮೇಲೆ ಹನ್ನೆರಡಕ್ಕೆ ಕಡಲೆಯ ಅಂಗಡಿಗೆ ಹೋದೆವು. ಮುದುಕ ಮಡಕೆಯ ಬಾಯಿ ಬಿಚ್ಚಿ ಬಡಿಸಿದ. ಒಂದು ರಾತ್ರಿ ಪೂರ್ತಿ ಬೆಂದ ಕಡಲೆ, ನಾಲಿಗೆಗೆ ತಾಕಿದರೆ ಕರಗುತ್ತಿತ್ತು. ಎರಡು ವರ್ಷದಿಂದ ಎಂಥ ಊಟಕ್ಕೆ ಹಂಬಲಿಸಿದ್ದೆನೋ ಅಂಥದ್ದು ಎದುರಿಗಿತ್ತು. ನಾನು ಎರಡು ತುತ್ತಿಗೇ ಚಮಚ ಕೆಳಗಿಟ್ಟೆ. ಅಕ್ಕ ಬ್ರೆಡ್ಡು ನೆನೆಸಿಕೊಂಡು ಅರ್ಧ ತಟ್ಟೆ ತಿಂದಳು.

ಉಳಿದ ಎರಡು ದಿನ ಬಂದರಿನಲ್ಲೇ ಕಳೆದೆವು. ಅವಳು ಮತ್ತೆ ಬ್ರೆಡ್ಡಿನ ಮೂಲೆಗೇ ಇಳಿದಳು. ನಾನು ಹೊಸ ಊಟ ಹುಡುಕುವುದನ್ನು ಬಿಟ್ಟಿದ್ದೆ. ಊರಿಗೆ ಬಂದ ವಾರದಲ್ಲಿ ಅವಳಿಗೆ ಜ್ವರ ಬಂತು. ಸಾಧಾರಣ ಜ್ವರ, ಮೂರು ದಿನಕ್ಕೆ ಬಿಟ್ಟಿತು. ಆ ಮೂರು ದಿನ ನಾನು ಆಫೀಸಿನಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಓದಿದವಳು, ಇಂಥದ್ದನ್ನೆಲ್ಲ ನಂಬದವಳು ಅಂತ ನನಗೆ ನಾನೇ ಎಷ್ಟು ಹೇಳಿಕೊಂಡರೂ ಚರ್ಚಿನ ಆ ಮೇಜು ಕಣ್ಣಿಂದ ಹೋಗುತ್ತಿರಲಿಲ್ಲ. ಅವಳು ತಿನ್ನುತ್ತಿದ್ದಾಳೆ ಅನ್ನುವ ಒಂದೇ ಖುಷಿಗೆ ಸುಳ್ಳು ಹೇಳಿದ್ದೆ. ಫೋನಿನಲ್ಲಿದ್ದ ಆ ಫೋಟೊಗಳನ್ನು ಅಳಿಸಿದೆ.

ಜೂನಿನಲ್ಲಿ ವರ್ಷದ ಕಾರ್ಯ ಆಯಿತು. ಈ ಸಲವೂ ಅದೇ ಅಡುಗೆಯವರನ್ನು ನಾನೇ ಗೊತ್ತುಮಾಡಿದೆ. ಪಾಯಸ, ವಡೆ, ಪುಳಿಯೋಗರೆ. ಅಕ್ಕ ಕಳೆದ ವರ್ಷದ ಹಾಗೇ ಗೋಡೆಗೆ ಒರಗಿ ಕೂತಿದ್ದಳು. ಈ ಸಲ ಯಾರೂ ಏನೂ ಅನ್ನಲಿಲ್ಲ. ರೂಢಿಯಾಗಿತ್ತು.

ಆಗಸ್ಟಿನ ಒಂದು ಭಾನುವಾರ ಅವಳ ಮನೆಗೆ ಹೋಗಿದ್ದೆ. ಭಾವ ಹೊರಗೆ ಹೋಗಿದ್ದರು. ಅಕ್ಕ ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನೂ ಎದುರಿಗೆ ಕೂತೆ. ಅವತ್ತು ಯಾಕೆ ಬಾಯಿ ಬಿಟ್ಟೆನೋ. ಆ ಗೋಧಿ ಹಬ್ಬದ್ದಲ್ಲ, ಒಬ್ಬ ಹುಡುಗನ ತಿಥಿಯದ್ದು, ನನಗೆ ಅಲ್ಲೇ ಗೊತ್ತಾಗಿತ್ತು, ಆದರೂ ನಿನ್ನ ಕೈಗೆ ನನ್ನದನ್ನೂ ಕೊಟ್ಟೆ ಅಂತ ಒಂದೇ ಉಸಿರಿಗೆ ಹೇಳಿದೆ. ಬಯ್ಯಲಿ ಅಂತ ತಲೆ ತಗ್ಗಿಸಿದೆ.

ಅಕ್ಕ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

"ನಂಗೂ ಗೊತ್ತಿತ್ತು," ಅಂದಳು.

ನಾನು ಅವಳನ್ನೇ ನೋಡಿದೆ.

"ಅವಳ ಕಣ್ಣು ನೋಡಿದ್ರೆ ಗೊತ್ತಾಗಲ್ವಾ? ನನ್ ಕೈ ಮೇಲೆ ಕೈ ಮುಚ್ಚಿ ಬಿಡ್ಲೇ ಇಲ್ಲ. ಮಕ್ಕಳನ್ನ ಕಳ್ಕೊಂಡೋರ ಕೈ ಅದು. ನೀನು ಒಳಕ್ಕೋಗಿ ಬಂದು ಏನೋ ಅಬ್ಬ ಅಂತೆ ಅಂದಾಗ, ಪಾಪ, ಇವಳಿಗೆ ಗೊತ್ತಾಗಿಲ್ಲ, ಖುಷಿಯಾಗಿ ಫೋಟೊ ತೆಕ್ಕೊಂಡವ್ಳೆ, ನಾನ್ಯಾಕೆ ಏಳ್ಲಿ ಅಂತ ಸುಮ್ಕಾದೆ."

ಗೊತ್ತಿದ್ದೂ ಯಾಕೆ ತಿಂದೆ ಅಂತ ಕೇಳಿದೆ. ಅಕ್ಕ ಮೊರ ಪಕ್ಕಕ್ಕಿಟ್ಟಳು.

"ಎತ್ತ ತಾಯಿ ಕೈಯಾರೆ ಬೇಯ್ಸಿ, ಕೈಯಾರೆ ತಂದು ಕೊಟ್ಟಾಗ ಬೇಡ ಅನ್ನಕ್ಕಾಯ್ತದಾ? ಅವಳಿಗೆ ಅಷ್ಟಾದ್ರೂ ಸಿಕ್ತಲ್ಲ. ನನ್ ಮಗಂದು ಎರಡ್ಸಲ ಊಟ ಆಯ್ತು. ನನ್ ಕೈಯಿಂದ ಒಬ್ರಿಗೂ ಒಂದ್ ಸೌಟು ಬೀಳ್ಲಿಲ್ಲ. ಯಾರೋ ಬಂದು ಬೇಯ್ಸಿದ್ರು, ಯಾರೋ ಬಡ್ಸಿದ್ರು. ನಾನು ಗೋಡೆ ಪಕ್ಕ ಕೂತಿದ್ದೆ, ನೆಂಟರ ಅಂಗೆ."

ಅಡುಗೆಯವರನ್ನು ಕರೆಸಿದವಳು ನಾನು ಅಂತ ಅವಳು ಹೇಳಲಿಲ್ಲ. ಅವಳ ಮನಸ್ಸಿನಲ್ಲಿ ಅದು ಇರಲೂ ಇಲ್ಲವೇನೋ. ಹನ್ನೊಂದನೇ ದಿನ ಕಳೆದಿತ್ತು, ವರ್ಷದ ದಿನವೂ ಕಳೆದಿತ್ತು. ಅವೆರಡನ್ನೂ ಅವಳಿಗೆ ವಾಪಸ್ ಕೊಡಲು ನನ್ನಿಂದ ಆಗುವ ಹಾಗಿರಲಿಲ್ಲ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಉಂಡೆವು.

ಮುಂದಿನ ತಿಂಗಳ ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಅಪ್ಪ, ಅವ್ವ, ಭಾವನ ಅಪ್ಪ ಅಮ್ಮ, ಆ ಸಾಲಿನ ಕೊನೆಗೆ ಅಕ್ಕ ಮಗನ ಫೋಟೊ ಇಟ್ಟಳು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ದೊಡ್ಡ ಪಾತ್ರೆಯಲ್ಲಿ ಅಕ್ಕಿ ಪಾಯಸ ಕಾಯಿಸಿ ಆಗಿತ್ತು. ತಲೆ ಸ್ನಾನ ಮಾಡಿದ ಕೂದಲು ಹಾಗೇ ಗಂಟು ಹಾಕಿಕೊಂಡಿದ್ದಳು. ಸಹಾಯ ಮಾಡಲು ಹೋದರೆ ಬೇಡ, ಪಾತ್ರೆ ಹಿಡಿದುಕೋ ಸಾಕು ಅಂದಳು.

ಅವರ ಮನೆಯ ಹಿಂದೆ ಸಾಲಾಗಿ ಎಂಟು ಬಾಡಿಗೆ ರೂಮುಗಳಿವೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಫ್ಯಾಕ್ಟರಿಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರು ಇದ್ದಾರೆ. ಎಡೆ ಆದಮೇಲೆ ಅಕ್ಕ ಒಂದೊಂದೇ ಬಾಗಿಲಿಗೆ ಹೋಗಿ ನಿಂತಳು. ನಾನು ಪಾತ್ರೆ ಹಿಡಿದು ಹಿಂದೆ. ಏನೂ ಹೇಳದೆ ಕೊಡಬಹುದಿತ್ತು. ಹಬ್ಬ ಅಂದರೆ ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಅಕ್ಕ ಪ್ರತಿ ಬಾಗಿಲಲ್ಲೂ, ನನ್ನ ಮಗ ಹೋಗಿದ್ದಾನೆ, ಅವನ ಹೆಸರಲ್ಲಿ ಮಾಡಿದ್ದೀನಿ ಅಂತ ಹೇಳಿ ಸೌಟು ಎತ್ತುತ್ತಿದ್ದಳು.

ಮೊದಲ ರೂಮಿನ ಹೆಂಗಸು ಸೆರಗಿನ ಮೇಲೆ ಬಟ್ಟಲಿಟ್ಟುಕೊಂಡು ಹಾಕಿಸಿಕೊಂಡಳು. ಎರಡನೆಯ ರೂಮಿನಲ್ಲಿ ಮೂವರು ಗಂಡಸರಿದ್ದರು. ಅವರಲ್ಲಿ ದೊಡ್ಡವನು ಎದ್ದು ನಿಂತು ಕೈ ಮುಗಿದ.

"ತಪ್ಪ ತಿಳ್ಕೋಬ್ಯಾಡ್ರಿ ಯಕ್ಕಾ. ಊರಾಗ ನಮ್ಮವ್ವಗ ಆರಾಮಿಲ್ಲ. ಇಂಥಾದ್ದು ತಿಂದ್ರ ಮನಸ್ಸಿಗೆ ಸಮಾಧಾನ ಇರಂಗಿಲ್ಲ."

ಸರಿಯಪ್ಪ ಅಂತ ಅಕ್ಕ ಮುಂದಿನ ಬಾಗಿಲಿಗೆ ಹೋದಳು. ಅಲ್ಲೂ ಬೇಡ ಅಂದರು. ಇನ್ನೊಂದು ಕಡೆ ಬಾಗಿಲು ತೆರೆಯಲೇ ಇಲ್ಲ, ಒಳಗೆ ಫ್ಯಾನ್ ತಿರುಗುವ ಸದ್ದು ಮಾತ್ರ ಇತ್ತು. ಕೊನೆಯ ರೂಮಿನಲ್ಲಿ ಎರಡನೇ ಶಿಫ್ಟಿಗೆ ಹೊರಟಿದ್ದ ಒಬ್ಬ ಬಾಗಿಲಲ್ಲೇ ನಿಂತು ಲೋಟಕ್ಕೆ ಹಾಕಿಸಿಕೊಂಡು ಕುಡಿದ. ಹುಡುಗ ಏನು ಕೆಲಸ ಮಾಡುತ್ತಿದ್ದ ಅಂತ ಕೇಳಿದ. ಕಲ್ಲು ಪಾಲಿಶ್ ಫ್ಯಾಕ್ಟರಿಲಿ ಅಂತ ಅಕ್ಕ ಹೇಳಿದಳು. ಧೂಳು ಭಾಳ ಅಲ್ರೀ ಅಲ್ಲಿ ಅಂದ. ಹೂಂ, ದಿನಾ ಬಂದ ತಕ್ಷಣ ತಲೆಗೆ ನೀರು ಹಾಕ್ಕೊಳೋನು ಅಂದಳು. ಅವನು ಲೋಟ ತೊಳೆದಿಟ್ಟು ಹೊರಟ.

ಎಂಟರಲ್ಲಿ ಮೂರು ಮನೆಯವರು ತೆಗೆದುಕೊಂಡಿದ್ದರು. ಪಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಅಕ್ಕನಿಗೆ ಬೇಜಾರಾಯಿತೇ ಅಂತ ಮುಖ ನೋಡಿದೆ, ಗೊತ್ತಾಗಲಿಲ್ಲ. ಭಾವನಿಗೆ ಬಡಿಸಿ, ತಾನೂ ಒಂದು ಬಟ್ಟಲು ಹಾಕಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ತಿಂದಳು. ಸಕ್ಕರೆ ಸ್ವಲ್ಪ ಕಮ್ಮಿಯಾಯ್ತು ಅಂದಳು. ನಾನು ಹೊರಡುವಾಗ ಒಂದು ಸ್ಟೀಲಿನ ಡಬ್ಬಿಗೆ ತುಂಬಿ, ಆಫೀಸಿನಲ್ಲಿ ನಾಲ್ಕು ಜನಕ್ಕೆ ಕೊಡು ಅಂತ ಕೈಗಿಟ್ಟಳು.

ಮಾರನೆಯ ದಿನ ತೆಗೆದುಕೊಂಡು ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಂಟೀನಿನ ಟೇಬಲ್ಲಿನ ಮೇಲೆ ಡಬ್ಬಿ ಇಟ್ಟೆ. ಜೊತೆಗೆ ಕೂರುವವರು ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಬರುತ್ತಿದ್ದರು. ಇವತ್ತೇನು ಸ್ಪೆಷಲ್ ಅಂತ ಒಬ್ಬಳು ದೂರದಿಂದಲೇ ಕೇಳಿದಳು. ಅಕ್ಕ ಬಾಗಿಲು ಬಾಗಿಲಿಗೆ ಹೋಗಿ ಹೇಳಿದ ಆ ಮಾತನ್ನು ನಾನು ಒಮ್ಮೆ ಹೇಳಿದರೆ ಸಾಕಿತ್ತು. ಏನಿಲ್ಲ ಅಂದು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಎಲ್ಲರೂ ಊಟ ಮುಗಿಸಿ ಮೇಲೆ ಹೋದಮೇಲೆ ಒಬ್ಬಳೇ ಕೂತು ಪೂರ್ತಿ ತಿಂದೆ. ಫ್ರಿಜ್ಜಿನಲ್ಲಿಟ್ಟದ್ದಕ್ಕೆ ಗಟ್ಟಿಯಾಗಿತ್ತು, ತಣ್ಣಗಿತ್ತು. ಸಕ್ಕರೆ ಸರಿಯಾಗೇ ಇತ್ತು.